ಗಿಡ್ಡ ಹಲಗೆಯ ಮೇಲೆ ತಂಗಿಯ ಕಾಲು

ತಂಗಿಗೆ ಹೇಳಬೇಕಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ದೀಪಾವಳಿಯಿಂದ ಹೋಳಿ ಹುಣ್ಣಿಮೆಯವರೆಗೂ ನುಂಗಿಕೊಂಡು ಕೂತೆ. ದೊಡ್ಡ ಗುಟ್ಟೇನಲ್ಲ. ತೆರೆಯ ಮೇಲೆ ಜಾರುವ ಹಲಗೆಯಲ್ಲಿ ಬೋರಲು ಮಲಗಿ ನೀರಿಗೆ ಕೈ ಹೊಡೆಯುವಾಗ ಎರಡೂ ಕಾಲು ಕೂಡಿಸಿಕೊಂಡಿರಬೇಕು, ಅಷ್ಟೇ.

ನಮ್ಮದು ಕಡಲ ದಡದ ಊರು, ತೆಂಗಿನಗುಂಡಿ. ಅಪ್ಪನ ದೋಣಿ ದಡದಿಂದಾಚೆ ಲಂಗರು ಹಾಕಿ ನಿಂತಿರುತ್ತದೆ. ಅಲ್ಲಿಗೆ ಹೋಗಿಬರಲು ದಪ್ಪ ಥರ್ಮಾಕೋಲ್ ತುಂಡಿಗೆ ಹಳೆಯ ಬಲೆ ಸುತ್ತಿ ಇಟ್ಟುಕೊಂಡಿದ್ದೇವೆ. ಅದರ ಮೇಲೆ ಬೋರಲು ಮಲಗಿ ಕೈಯಲ್ಲಿ ನೀರು ಎಳೆಯುತ್ತ ಹೋಗುವುದು. ತುಂಡು ಮಗುಚದಿರಲೆಂದು ಕಾಲು ಅಗಲಿಸಿ ನೀರಿಗೆ ಇಳಿಬಿಡುತ್ತೇವೆ. ತಿರುಗಬೇಕಾದ ಕಡೆಯ ಕಾಲನ್ನು ಇನ್ನಷ್ಟು ಅದ್ದಿದರೆ ಅದೇ ಚುಕ್ಕಾಣಿ. ತಂಗಿಗೆ ಚಿಕ್ಕವಳಿದ್ದಾಗ ಇದನ್ನು ಕಲಿಸಿದವನು ನಾನೇ.

ಕುಮಟಾ ಕಡೆಯ ಒಂದು ಸರ್ಫಿಂಗ್ ಶಾಲೆಯಲ್ಲಿ ಮೀನುಗಾರರ ಮಕ್ಕಳಿಗೆ ಪುಕ್ಕಟೆ ಕಲಿಸುತ್ತಾರೆಂದು ಕೇಳಿ ಇಬ್ಬರೂ ಭಾನುವಾರದ ಬಸ್ಸು ಹತ್ತತೊಡಗಿದೆವು. ಚೆನ್ನಾಗಿ ಕಲಿತ ಒಬ್ಬರಿಗೆ ಅಲ್ಲೇ ಕಲಿಸುವ ಕೆಲಸ ಎಂದಿದ್ದರು. ತಂಗಿಗೆ ಅದು ಬೇಕೇಬೇಕಿತ್ತು. ಪಿಯುಸಿ ಮುಗಿಸಿಯೂ ಐಸಿನ ನೀರಿನಲ್ಲಿ ಕೈ ಅದ್ದಿ ಸಿಗಡಿ ಸುಲಿಯುತ್ತಿದ್ದಳು. ಹೊಸಬರಿಗೆ ಕೊಡುವ ಉದ್ದ ಹಲಗೆಯ ಮೇಲೆ ನನಗಿಂತ ಮೊದಲು ಎದ್ದು ನಿಂತವಳೂ ಅವಳೇ.

ಗಿಡ್ಡ ಹಲಗೆಗೆ ಬಂದಮೇಲೆ ಇಬ್ಬರೂ ಸೋತೆವು. ಮಲಗಿದರೆ ಆ ಹಲಗೆ ಮೊಣಕಾಲಿಗೇ ಮುಗಿಯುತ್ತದೆ. ಕೆಳಗಿನ ಕಾಲು ಪೂರ್ತಿ ಹೊರಗೆ. ಅದು ಅಗಲವಾಗಿ ನೀರಿಗಿಳಿದರೆ ಹಲಗೆಯ ಹಿಂದೆ ಬಲೆ ಕಟ್ಟಿದ ಹಾಗೆ. ಎಷ್ಟು ಕೈ ಹೊಡೆದರೂ ತೆರೆಯ ವೇಗ ಬರುವುದಿಲ್ಲ, ತೆರೆ ಅಡಿಯಿಂದ ನುಸುಳಿ ಮುಂದೆ ಹೋಗಿಬಿಡುತ್ತದೆ.

ದೀಪಾವಳಿಯ ಹೊತ್ತಿಗೆ ತಂಗಿಗೆ ಭಾನುವಾರವೂ ಕೆಲಸ ಬಿತ್ತು. ಶಾಲೆಯವರು ಕೊಟ್ಟ ಹಳೆಯ ಗಿಡ್ಡ ಹಲಗೆಯಲ್ಲಿ ಊರಲ್ಲೇ ಅಭ್ಯಾಸ ಮಾಡುತ್ತಿದ್ದಳು. ನಾನೊಬ್ಬನೇ ಹೋದ ಮೊದಲ ದಿನವೇ ಕಲಿಸುವವರು ನನ್ನ ಪಾದ ಹಿಡಿದು ಜೋಡಿಸಿದರು. "ಹೆಬ್ಬೆರಳಿಗೆ ಹೆಬ್ಬೆರಳು ತಾಗಿರಲಿ. ಒದೀಬೇಡ. ಎದೆ ಎತ್ತು, ಕೈ ಆಳಕ್ಕೆ ಹಾಕಿ ಎಳಿ. ನಿನ್ನ ತಂಗೀದೂ ಇದೇ ತಪ್ಪು, ಅವಳಿಗೂ ಹೇಳು."

ಆವತ್ತೇ ತೆರೆ ನನ್ನನ್ನು ಎತ್ತಿಕೊಂಡಿತು.

ಸಂಜೆ ತಂಗಿ ಕೇಳಿದಳು, "ಅಣ್ಣ, ಇವತ್ತೆಂತ ಹೇಳಿಕೊಟ್ರು?"

"ಎಂತದೂ ಇಲ್ಲ. ಕೈ ಇನ್ನೂ ಜೋರು ಹೊಡೀಬೇಕು ಅಂದ್ರು."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬ್ಯಾಂಕಿನ ಕಾಗದ ಬರಲಿ, ಕರೆಂಟ್ ಬಿಲ್ ಬರಲಿ, ಮನೆಯಲ್ಲಿ "ಅವಳನ್ನ ಕೇಳು" ಎನ್ನುವುದೇ ರೂಢಿ. ಅವಳು ನನ್ನನ್ನು ಕೇಳುವಂಥದ್ದು ಒಂದು ನನ್ನ ಹತ್ತಿರ ಇರಲಿ ಅನ್ನಿಸಿತು. ಪ್ರತಿ ಭಾನುವಾರ ಅವಳು ಕೇಳಿದಳು. ಪ್ರತಿ ಭಾನುವಾರ ನಾನು ಅದೇ ಉತ್ತರ ಕೊಟ್ಟೆ.

ಅವಳು ನಂಬಿದಳು. ತೋಳಿಗೆ ಬಲ ಬರಲೆಂದು ಅಕ್ಕಪಕ್ಕದ ಮನೆಗೂ ಬಾವಿಯ ನೀರು ಸೇದಿಕೊಟ್ಟಳು. ದಡದಲ್ಲಿ ಬಲೆ ಹೆಣೆಯುವ ಮುದುಕರೊಬ್ಬರು, ಅವಳಿಗೆ ತೆರೆ ತಪ್ಪುವುದನ್ನು ನೋಡಿ ದಿನವೂ ಕೆಣಕುತ್ತಿದ್ದರು: "ಇವತ್ತೂ ಬಸ್ಸು ತಪ್ಪಿಹೋತನೇ?"

"ಮುಂದಿನ ಬಸ್ಸಿಗೆ ಹೋಗ್ತೆ ಅಜ್ಜ, ನೀವು ಟಿಕೀಟು ತೆಗ್ದಿಡಿ" ಎನ್ನುತ್ತಿದ್ದಳು.

ಶಾಲೆಯವರು ಆರಿಸುವ ದಿನ ಹೋಳಿಯ ಮರು ಭಾನುವಾರ ಎಂದಾಯಿತು. ಆ ವಾರ ಒಂದು ಬೆಳಿಗ್ಗೆ ಅಮ್ಮ ತಂಗಿಯ ತಲೆ ಬಾಚುತ್ತಿದ್ದಳು. ಇಷ್ಟು ದೊಡ್ಡವಳಿಗೆ ಅಮ್ಮ ಯಾಕೆ ಬಾಚುತ್ತಾಳೆ ಎಂದು ನೋಡಿದೆ. ಅವಳ ಭುಜ ಊದಿತ್ತು, ಕೈ ತಲೆಯವರೆಗೆ ಏಳುತ್ತಿರಲಿಲ್ಲ.

"ಭಾನುವಾರ ನೀನೊಬ್ನೇ ಹೋಗು ಅಣ್ಣ. ನನ್ನ ತೋಳು ಇದಕ್ಕೆ ಆಗೂದಲ್ಲ" ಅಂದಳು.

ಎರಡು ದಿನ ಬಿಟ್ಟು, ಭುಜದ ಊತ ಇಳಿದ ಮೇಲೆ, ಅವಳನ್ನು ನೀರಿಗೆ ಕರೆದೊಯ್ದೆ. ಬಲೆ ತೇಲಿಸುವ ಒಂದು ಬೆಂಡನ್ನು ಅವಳ ಎರಡು ಪಾದಗಳ ನಡುವೆ ಸಿಕ್ಕಿಸಿದೆ. "ಇದು ಬೀಳಬಾರ್ದು. ಕೈ ಮೆತ್ತಗೇ ಎಳಿ."

"ಕಾಲಿಗೂ ತೆರೆಗೂ ಎಂತ ಸಂಬಂಧ?"

"ಮೊದ್ಲು ಮಾಡು ಮಾರಾಯ್ತಿ."

ಬೆಂಡು ಮತ್ತೆ ಮತ್ತೆ ಬಿದ್ದು ತೇಲಿತು. ಹೆಕ್ಕಿ ಹೆಕ್ಕಿ ಕೊಟ್ಟೆ. ಕಾಲು ಕೂಡಿಯೇ ಉಳಿದ ಕೂಡಲೇ ಹಲಗೆ ತೆರೆಯ ಮುಂದೆ ಹೇಗೆ ನುಗ್ಗಿತೆಂದರೆ, ಅವಳು ಎದ್ದು ನಿಲ್ಲುವುದನ್ನೇ ಮರೆತು ಮಲಗಿದಂತೆಯೇ ದಡಕ್ಕೆ ಬಂದಳು. ಎರಡನೆಯದಕ್ಕೆ ಎದ್ದಳು. ಮುದುಕರು ಬಲೆ ಬಿಟ್ಟು ಎದ್ದು ನಿಂತರು.

ಆ ಭಾನುವಾರ ಕುಮಟಾದ ಕಡಲಲ್ಲಿ ಅವಳನ್ನು ನೋಡಬೇಕಿತ್ತು. ನಾನು ಒಂದು ತೆರೆ ಹಿಡಿಯುವಷ್ಟರಲ್ಲಿ ಅವಳು ಮೂರು ಹಿಡಿದಳು. ಒಡೆಯದ ಹಸಿರು ತೆರೆ ಹಿಂದೆ ಏಳುತ್ತಿದ್ದಂತೆ ನಾಲ್ಕು ಸಲ ಕೈ ಎಳೆದು, ಎದ್ದು, ಅದರ ಗೋಡೆಯುದ್ದಕ್ಕೂ ಓರೆಯಾಗಿ ಜಾರಿಹೋದಳು. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ಎದೆಮಟ್ಟ ನೀರಿನಲ್ಲಿ ನಿಂತು ಗಂಟಲು ಕಟ್ಟುವಷ್ಟು ಕೂಗಿದೆ. ಕೆಲಸ ಅವಳಿಗೇ ಬಂತು.

ಅವಳು ಎಲ್ಲರೆದುರು, "ಇದು ನನ್ನ ಅಣ್ಣನೇ ಕಂಡುಹಿಡಿದು ಹೇಳಿಕೊಟ್ಟದ್ದು" ಅಂದಳು. ಕಲಿಸುವವರು ನನ್ನ ಮುಖ ನೋಡಿದರು.

ವಾಪಸು ಬರುವಾಗ ಹೊನ್ನಾವರದಲ್ಲಿ ಬಸ್ಸು ನಿಂತಿತು. ತಂಗಿ ಕಡಲೆ ಕೊಂಡು ಅರ್ಧಕ್ಕಿಂತ ಹೆಚ್ಚು ನನ್ನ ಕೈಗೆ ಸುರಿದಳು. ನಾನು ಅದನ್ನು ಹಾಗೇ ಅವಳ ಪೊಟ್ಟಣಕ್ಕೆ ಮರಳಿ ಹಾಕಿದೆ.

"ನಾ ಕಂಡುಹಿಡಿದದ್ದಲ್ಲ" ಅಂದೆ. "ದೀಪಾವಳಿಗೇ ಅವರು ಹೇಳಿದ್ರು. ನಿಂಗೂ ಹೇಳು ಅಂದಿದ್ರು. ನಾ ಹೇಳ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಬಸ್ಸು ಶರಾವತಿ ಸೇತುವೆ ದಾಟಿತು. ಆಮೇಲೆ ಕೇಳಿದಳು, "ನನ್ನ ಭುಜ ಊದಿದ್ದು ನಿಂಗೆ ಕಂಡಿರ್ಲಿಲ್ಯಾ?"

"ಆಮೇಲೆ ಕಂಡ್ತು. ಅದಕ್ಕೂ ಮುಂಚೆ ನಾ ನೋಡ್ಲೇ ಇಲ್ಲ. ನನ್ನಿಂದ ತಪ್ಪಾತು ತಂಗಿ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳ್ದೆ. ಕ್ಷಮಿಸು."