ಜಿರಳೆಗೆ ಪಾಠ ಹೇಳಿದವಳು

ಬೇಸಿಗೆ ರಜೆಯಲ್ಲಿ ಸಂಶೋಧನೆ ಮಾಡುತ್ತೇನೆಂದು ನಮ್ಮ ಪ್ರಯೋಗಾಲಯಕ್ಕೆ ಬಂದ ಆ ಹುಡುಗಿ ಬಿ.ಎಸ್ಸಿ. ಎರಡನೇ ವರ್ಷದವಳು. ಒಂದು ಗಳಿಗೆ ಬಾಯಿ ಮುಚ್ಚುವವಳಲ್ಲವಾದ್ದರಿಂದ ನಾನು ಪಟಾಕಿ ಎಂದು ಹೆಸರಿಟ್ಟೆ. ನಾನು ಅಲ್ಲೇ ಪಿಎಚ್.ಡಿ. ಮಾಡುತ್ತಾ ಬೇರು ಬಿಟ್ಟವಳು, ಅವಳ ಬಾಯಲ್ಲಿ ಅಕ್ಕ.

ನಮ್ಮದು ಜಿರಳೆಗಳ ಪ್ರಯೋಗಾಲಯ. ಜಿರಳೆಗೆ ವೆನಿಲಾ ವಾಸನೆಯೆಂದರೆ ಪ್ರಾಣ, ಪೆಪ್ಪರ್‌ಮಿಂಟ್ ಕಂಡರಾಗದು. ಪೆಪ್ಪರ್‌ಮಿಂಟ್ ವಾಸನೆಯ ಜೊತೆ ಸಕ್ಕರೆ ನೀರು, ವೆನಿಲಾ ಜೊತೆ ಉಪ್ಪುನೀರು ಕೊಟ್ಟು ಅದರ ಇಷ್ಟವನ್ನೇ ತಲೆಕೆಳಗು ಮಾಡಬಹುದೇ ಎನ್ನುವುದು ಪಟಾಕಿಯ ಪ್ರಶ್ನೆ. ಗುರುತಿಗೆ ಪ್ರತಿಯೊಂದರ ಬೆನ್ನಿಗೂ ಬೇರೆ ಬೇರೆ ಬಣ್ಣದ ನೇಲ್ ಪಾಲಿಶ್ ಚುಕ್ಕಿ. ಕೆಂಪು ಚುಕ್ಕಿಯದು ತರಗತಿಗೇ ಮೊದಲು. ಅದನ್ನು ಅವಳು ಕೆಂಪಿ ಎಂದು ಕರೆದು ಮುದ್ದು ಮಾಡುವಾಗ ನನಗೆ ಮೈ ಉರಿಯುತ್ತಿತ್ತು.

ಮನೆಯಲ್ಲಿ ಮಾತ್ರ "ವಾಸನೆಗಳ ಅಧ್ಯಯನ" ಎಂದಷ್ಟೇ ಹೇಳಿದ್ದಳು. ಅವಳಮ್ಮ ಜಿರಳೆಯ ಜೊತೆ ಚಪ್ಪಲಿಯಲ್ಲೇ ಮಾತಾಡುವ ಹೆಂಗಸು. ಸಾಲದ್ದಕ್ಕೆ, ಮಗಳು ರಜೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ಕೂರಲಿ ಎಂಬ ಹಟ ಬೇರೆ. ಇತ್ತ ನಮ್ಮ ಪ್ರೊಫೆಸರ್ ಮೇಡಂ, ಕೆಲಸ ಅಚ್ಚುಕಟ್ಟಾದರೆ ಮುಂದಿನ ಬೇಸಿಗೆಗೂ ಬಾ ಎಂದಿದ್ದರು. ಒಂದೇ ಒಂದು ಹುಳ ಆಚೆ ಹೋದರೂ ನೀನೂ ಅದರ ಹಿಂದೆಯೇ ಆಚೆ ಎಂದೂ ಹೇಳಿದ್ದರು. ಪಟಾಕಿಗೆ ಆ ಮುಂದಿನ ಬೇಸಿಗೆ ಬೇಕೇ ಬೇಕಿತ್ತು.

ಜಿರಳೆಗಳ ಕೊನೆಯ ಪರೀಕ್ಷೆಯ ಹಿಂದಿನ ದಿನ ಅವುಗಳ ತೊಟ್ಟಿ ತೊಳೆದಳು. ಹುಳ ಹತ್ತಿ ಬರದಂತೆ ಅಂಚಿಗೆ ವ್ಯಾಸಲೀನ್ ಬಳಿಯಬೇಕು, ಹರಟೆಯಲ್ಲಿ ಮರೆತೇಬಿಟ್ಟಳು. ಪಕ್ಕದಲ್ಲೇ ಅವಳ ಊಟದ ಡಬ್ಬಿಯ ಚೀಲವಿತ್ತು.

ಮರುದಿನ ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಬಂದಳು.

"ಅಕ್ಕಾ, ಅಮ್ಮ ಕೆಂಪೀನ ಹೊಡೆದು ಹಾಕಿದ್ಲು."

"ನಿಮ್ಮಮ್ಮ ಇಲ್ಲಿಗೆ ಯಾವಾಗ ಬಂದ್ರೇ?"

"ಕೆಂಪೀನೇ ಮನೆಗೆ ಬಂದಿತ್ತು, ಡಬ್ಬಿ ಚೀಲದಲ್ಲಿ. ಚುಕ್ಕಿ ನೋಡಿ ನಂಗೆ ಗೊತ್ತಾಯ್ತು. ಅಮ್ಮ ಯಾವ್ದೋ ಜಿರಳೆ ಅಂದ್ಕೊಂಡಿದಾಳೆ."

ನೇಲ್ ಪಾಲಿಶ್ ಬಾಟಲಿ ಮೇಜಿನ ಮೇಲಿತ್ತು. ಪಕ್ಕದ ಡಬ್ಬದ ತುಂಬ ಗುರುತಿಲ್ಲದ ಜಿರಳೆಗಳು. ಒಂದಕ್ಕೆ ಕೆಂಪು ಹಚ್ಚಿದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮುಚ್ಚಳ ತಿರುಗಿಸಿದಳು, ಒಂದು ಹುಳವನ್ನು ಹಿಡಿದೂ ಹಿಡಿದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

"ಪಾಪ, ಇದಕ್ಕೇನೂ ಗೊತ್ತಿಲ್ಲ ಅಕ್ಕ," ಎಂದು ಅದನ್ನು ವಾಪಸ್ ಬಿಟ್ಟು ಸೀದಾ ಮೇಡಂ ಕೋಣೆಗೆ ನಡೆದಳು. ನಾನೂ ಬೆನ್ನು ಹತ್ತಿದೆ.

ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಮೇಡಂ ಬೈಯಲಿಲ್ಲ, ಅದೇ ಭಯ. ಅವಳಮ್ಮನಿಗೆ ಫೋನ್ ಮಾಡಿಸಿ ಸ್ಪೀಕರ್ ಹಾಕಿಸಿದರು.

"ನಿನ್ನೆ ಒಂದು ಜಿರಳೆ ಹೊಡೆದ್ರಂತಲ್ಲ, ಅದು ಎಲ್ಲಿತ್ತು?"

"ಅಯ್ಯೋ, ಅದನ್ನ ಕೇಳೋಕೆ ಯೂನಿವರ್ಸಿಟಿಯಿಂದ ಫೋನಾ? ಊಟದ ಮೇಜಿನ ಮೇಲಿತ್ತು. ಪಕ್ಕದ ಮನೆಯವರು ಕೊಟ್ಟ ವೆನಿಲಾ ಕೇಕ್ ತೆರೆದಿಟ್ಟಿದ್ದೆ. ಅದರ ತಂಟೆಗೇ ಹೋಗ್ಲಿಲ್ಲ ನೋಡಿ! ಇವಳಪ್ಪನ ಪೆಪ್ಪರ್‌ಮಿಂಟ್ ಡಬ್ಬಿ ಮೇಲೆ ಹತ್ತಿ ಕೂತಿತ್ತು. ಕೊಟ್ಟೆ ಒಂದು."

ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು: ಅದು ನಮ್ಮ ಜಿರಳೆ, ಹಾಗೆ ಮಾಡಲು ಕಲಿಸಿದ್ದು ನಿಮ್ಮ ಮಗಳು, ಅದು ತಪ್ಪಿಸಿಕೊಂಡದ್ದೂ ಅವಳ ತಪ್ಪಿನಿಂದಲೇ. ಪಟಾಕಿ ಕಣ್ಣು ಮುಚ್ಚಿಕೊಂಡಳು. ಮಾವನ ಅಂಗಡಿಯೇ ಗತಿ ಎಂದುಕೊಂಡೆ.

"ಜಿರಳೇಗೆ ಕಲಿಸಿದ್ಲಾ?" ಎಂದಿತು ಫೋನು. "ಇವಳಿಗೆ ಒಂದು ಮಾತು ಕೇಳೋದು ಕಲಿಸೋಕೆ ಇವತ್ತಿಗೂ ನನ್ ಕೈಲಿ ಆಗಿಲ್ಲ." ಆಮೇಲೆ ದನಿ ತಗ್ಗಿತು. "ಮೇಡಂ, ತಪ್ಪು ಮಾಡಿದಾಳೆ, ಚೆನ್ನಾಗಿ ಬೈರಿ. ಆದ್ರೆ ಅಲ್ಲಿಂದ ಬಿಡಿಸ್ಬೇಡಿ."

"ಬಿಡಿಸಲ್ಲ. ತಾನೇ ಬಂದು ಹೇಳಿದಾಳಲ್ಲ. ಆದ್ರೆ ಕೆಂಪೀನ ಲೆಕ್ಕಕ್ಕೆ ಸೇರ್ಸಲ್ಲ. ಮುಂದಿನ ಬೇಸಿಗೆ ಬಂದು ಇನ್ನೊಂದಕ್ಕೆ ಕಲಿಸ್ಲಿ."

ಪಟಾಕಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಗೊಳೋ ಎಂದು ಅತ್ತಳು.

"ಅಳು ನಿಲ್ಸೇ, ಉಳಿದವಕ್ಕೆ ಇವತ್ತು ಪರೀಕ್ಷೆ ಇದೆ," ಎಂದು ಗದರಿದೆ. ಕೈ ಹಿಡಿದು ಎಬ್ಬಿಸಿದೆ.