ಬೋಣಿ ಕೆಡಿಸಿದ ಚಿಗವ್ವ

ನಮ್ಮ ರೊಟ್ಟಿ ಚಿಗವ್ವನ ಅಂಗೈ ಮೊರದಷ್ಟು ಅಗಲ. ನಸುಕಿನಲ್ಲಿ ಅವಳು ಹುಬ್ಬಳ್ಳಿಯಲ್ಲಿ ರೊಟ್ಟಿ ಬಡಿಯತೊಡಗಿದರೆ ಧಾರವಾಡದ ಕೋಳಿಗಳು ಎದ್ದು ಕೂಗುತ್ತವೆ. ನಂಬದವರು ಅರ್ಧ ನಂಬಿದರೂ ಸಾಕು. ಖಾನಾವಳಿಗೆ ರೊಟ್ಟಿ ಮಾಡಿಕೊಟ್ಟು ಬದುಕುವ ಅವಳು ನಮಗೆ ನೆಂಟಳಲ್ಲ, ಪಕ್ಕದ ಮನೆಯವಳು. ಆದರೂ ನನ್ನ ಕಿವಿ ಹಿಂಡುವ ಹಕ್ಕು ಅವ್ವನಿಗಿಂತ ಅವಳಿಗೇ ಹೆಚ್ಚು.

ಹೋದ ಬೇಸಿಗೆಯಲ್ಲಿ ಮ್ಯಾಟ್ರಿಕ್ ಪರೀಕ್ಷೆಯ ಫೀಗಾಗಿ ನಾನು ಒಂದು ಅರಿವೆ ಅಂಗಡಿಯಲ್ಲಿ ದುಡಿದೆ. ನನ್ನಿಂದಲೇ ಅಂಗಡಿ ನಡೆಯುತ್ತಿತ್ತೆಂಬುದು ನನ್ನ ಅಭಿಪ್ರಾಯ. ಸಾವಕಾರರ ಅಭಿಪ್ರಾಯ ಬೇರೆ ಇತ್ತು. ಸಾಲೆ ಸುರುವಾಗಿ ಕೆಲಸ ಬಿಟ್ಟಾಗ, ನಡುವೆ ಬಿಟ್ಟು ಹೋಗುವವನಿಗೆ ಎಂಥ ಪಗಾರ ಎಂದು ಕೈ ಝಾಡಿಸಿದರು. ಫೀ ಕಟ್ಟುವ ದಿನ ಹತ್ತಿರ ಬಂತು. ಅವ್ವ ಕಿವಿಯ ಬೆಂಡೋಲೆ ಬಿಚ್ಚಿ ಕೈಯಲ್ಲಿ ಹಿಡಿದು ಕೂತಳು.

ಚಿಗವ್ವ ಬಾಗಿಲಲ್ಲಿ ನಿಂತು ನೋಡಿದಳು. "ಅದನ್ನ ಹಾಕ್ಕೊ ಅಕ್ಕಾ. ನಾ ಸ್ವಲ್ಪ ಅರಿವಿ ನೋಡಿ ಬರ್ತೇನಿ" ಎಂದಳು.

ಮರುದಿನ ಸಾವಕಾರರು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಇವಳು ಅಂಗಡಿಯ ಗಾದಿಯ ಮೇಲಿದ್ದಳು. ದಿನದ ಮೊದಲ ಗಿರಾಕಿ ಎಂದರೆ ಸಾವಕಾರರಿಗೆ ಸಾಕ್ಷಾತ್ ಲಕ್ಷ್ಮಿ. ಅವಳನ್ನು ಏಳೆನ್ನುವಂತಿಲ್ಲ, ಅವಳು ಬರಿಗೈಯಲ್ಲಿ ಎದ್ದುಹೋದರೆ ಬೋಣಿ ಕೆಟ್ಟು ದಿನವೇ ಹಾಳು. ನಾನು ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಚಿಗವ್ವ ಬಿಚ್ಚಿಸಿದ ಇಳಕಲ್ ಸೀರೆಗಳನ್ನು ಗಂಟು ಹಾಕಿದ್ದರೆ ಗದಗು ಮುಟ್ಟುತ್ತಿದ್ದವು. ಕೊನೆಗೆ ರಾಶಿಯೊಳಗಿಂದ ಸಾವಕಾರರ ಪಗಡಿಯಷ್ಟೇ ಕಾಣುತ್ತಿತ್ತು.

ಆಗ ಇವಳು ಎದ್ದು ಕೈಮುಗಿದಳು. "ಎಲ್ಲಾ ಛಲೋ ಅದಾವ್ರಿ. ನಮ್ಮ ಹುಡುಗಂದು ಪಗಾರ ಬರಲಿ, ಆಮ್ಯಾಲ ತೊಗೋತೇನಿ."

ದುಡಿದವನ ಪಗಾರ ಹಿಡಿದಿಟ್ಟ ಆ ಪಾಪಿ ಯಾರೋ ಎಂದು ಸಾವಕಾರರು ಮನಸಾರೆ ಬೈದರು. ಮರುದಿನ ಮತ್ತೆ ಅದೇ ಲಕ್ಷ್ಮಿ, ಅದೇ ರಾಶಿ, ಅದೇ ಕೈಮುಗಿತ. ಅದರ ಮರುದಿನವೂ ಅವಳು ತಿರುವಿನಲ್ಲಿ ಕಂಡಾಗ ಸಾವಕಾರರ ಕೈಯ ಊದಿನಕಡ್ಡಿ ತಾನಾಗಿಯೇ ನಂದಿತು.

"ಯವ್ವಾ, ಆ ಪಗಾರ ಕೊಡಲಾರದಾಂವ ಯಾರು ಹೇಳ್ರಿ. ನಾನ ಹೋಗಿ ಬುದ್ಧಿ ಹೇಳ್ತೇನಿ" ಎಂದರು.

ಚಿಗವ್ವ ಆ ಮೊರದಂಥ ಕೈ ಎತ್ತಿ ನನ್ನನ್ನು ತೋರಿಸಿದಳು. "ನಮ್ಮ ಹುಡುಗ ಅಲ್ಲಿ ಕುಂತಾನ ನೋಡ್ರಿ. ನೀವು ಎಲ್ಲೂ ಹೋಗೂದು ಬ್ಯಾಡ, ಕುಂತಲ್ಲೇ ಹೇಳ್ಕೊಳ್ರಿ."

ಸಾವಕಾರರು ನನ್ನನ್ನು ನೋಡಿದರು, ಬಿಚ್ಚಬೇಕಾಗಿದ್ದ ಸೀರೆಗಳನ್ನು ನೋಡಿದರು. ಆಮೇಲೆ ರೊಕ್ಕದ ಗಲ್ಲೆಯ ಮುಚ್ಚಳ ತೆಗೆದರು.

ಪಗಾರ ಕೈಗೆ ಬಂದದ್ದೇ ನಾನು ಓಡಲು ಸಜ್ಜಾದೆ. ಚಿಗವ್ವ ಮಾತ್ರ ಮತ್ತೆ ಗಾದಿಯ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಒಂದು ಕುಪ್ಪಸದ ಖಣ ಕೇಳಿದಳು. ಸಾವಕಾರರ ಬೆವರಿಳಿಯುವಂತೆ ಚೌಕಾಶಿ ಮಾಡಿ ಕೊಂಡಳು. ರೊಕ್ಕ ದಿನಾ ಸೆರಗಿನಲ್ಲೇ ಇತ್ತೇ ಎಂದು ದಾರಿಯಲ್ಲಿ ಕೇಳಿದೆ.

"ಇತ್ತು. ನಮ್ಮದು ನಮಗ ಬಂತಲ್ಲೋ ತಮ್ಮಾ, ಇನ್ನ ಅವನ ಬೋಣಿ ಯಾಕ ಕೆಡಸೂದು? ಅವನ ಮನ್ಯಾಗೂ ಮಕ್ಕಳು ಅದಾವು" ಎಂದಳು.

ಫೀ ಕಟ್ಟಿದೆ. ಬೆಂಡೋಲೆ ಅವ್ವನ ಕಿವಿಯಲ್ಲೇ ಇದೆ. ಪಾಸಾಗಿ ನೌಕರಿ ಹಿಡಿದು ಮೊದಲ ಪಗಾರದಲ್ಲಿ ಅದೇ ಅಂಗಡಿಯಿಂದ ಚಿಗವ್ವನಿಗೊಂದು ಇಳಕಲ್ ಸೀರೆ ತರುತ್ತೇನೆ, ಕೇಳಿದಷ್ಟು ಕೊಟ್ಟು ತರುತ್ತೇನೆ ಎಂದು ಅವಳೆದುರು ಎದೆಯುಬ್ಬಿಸಿ ಹೇಳಿದ್ದೇನೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

"ಚೌಕಾಶಿ ಮಾಡದ ತಂದ್ರ ನಾ ಉಡಂಗಿಲ್ಲ."