ಹೊಸ್ತಿಲಲ್ಲಿ ಮಲಗಿದ ಓಲುಫ್

ಲಿಂಗಾಯತರ ಮಗನ ಕೈಗೆ ಚರ್ಚಿನ ಬೀಗದ ಕೈ ಹೇಗೆ ಬಂತು ಎಂದು ಗದಗಿನ ಬೀಗರು ಇಂದಿಗೂ ಕೇಳುತ್ತಾರೆ. ಪವಾಡವೇನೂ ಇಲ್ಲ. ಜರ್ಮನಿಯ ಉತ್ತರ ತುದಿಯಲ್ಲಿ, ಡೆನ್ಮಾರ್ಕಿನ ಗಡಿಗೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ನಿಜಲಿಂಗಪ್ಪ ಗಾಳಿಯಂತ್ರಗಳ ಎಂಜಿನಿಯರ್. ಮನೆ ಚರ್ಚಿನ ಎದುರಿಗೇ. ಬಾಗಿಲು ತೆಗೆಯುತ್ತಿದ್ದ ಮುದುಕ ತೀರಿಕೊಂಡಾಗ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ, ಇವನು ಬಂದ.

ಆ ಚರ್ಚಿನ ಬಾಗಿಲಲ್ಲಿ ಹೊಸ್ತಿಲಿನಂತೆ ಒಂದು ಗೋರಿಕಲ್ಲು ಹಾಸಿದೆ. ಅದರ ಮೇಲೆ ಕೆತ್ತಿರುವುದು ಕತ್ತಿ ಹಿಡಿದ ಡೇನಿಶ್ ಸರದಾರ ಓಲುಫನನ್ನು. ಏಳು ಶತಮಾನ ಜನ ತುಳಿದು ತುಳಿದು ಅವನ ಕಣ್ಣು ಮೂಗು ಎಲ್ಲ ಸವೆದಿವೆ. ಪಾದ್ರಿ ಆಂಕೆ ಎಂಬ ಹೆಂಗಸು ಮೊದಲ ದಿನವೇ ಅವನ ಕಥೆ ಶುರು ಮಾಡಿದ್ದರು. ಈ ಚರ್ಚು ಕಟ್ಟಿಸಿದವನು ಅವನೇ, ಸಾಯುವಾಗ ಊರವರಿಗೆ "ಟ್ರೇಟೆಟ್..." ಎಂದನಂತೆ. ಅಷ್ಟರಲ್ಲಿ ಚರ್ಚಿನ ಗಂಟೆ ಬಾರಿಸಿ ಆಂಕೆಯ ಉಳಿದ ಮಾತು ಅದರಲ್ಲಿ ಮುಳುಗಿತು. ಆಫೀಸಿನ ಬಾಗಿಲುಗಳ ಮೇಲೆ "ಐನ್‌ಟ್ರೇಟನ್", ಅಂದರೆ ಒಳಗೆ ಬನ್ನಿ, ಎಂದು ಓದಿ ಪಳಗಿದ್ದ ನಿಜಲಿಂಗಪ್ಪ ಉಳಿದ ಅರ್ಥವನ್ನು ತಾನೇ ಹಚ್ಚಿಕೊಂಡ.

ಸಾಯುವಾಗಲೂ "ಬರ್ರಿ ಒಳಗ" ಅಂದ ಮನುಷ್ಯ! ಅಂಥವನನ್ನು ತುಳಿಯುವುದುಂಟೇ? ಅಂದಿನಿಂದ ಗೋಡೆ ಹಿಡಿದು, ಪಕ್ಕದ ಸಂದಿಯಲ್ಲಿ ಕಾಲಿಟ್ಟು ಒಳಗೆ ಹೋಗತೊಡಗಿದ. ಅಪ್ಪಿತಪ್ಪಿ ಬೂಟು ತಗುಲಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬಂದವರಿಗೂ ಅದೇ ಪಾಠ. ನಿಯಮ ಎಂದರೆ ಜರ್ಮನರು ಎದುರಾಡುವುದು ಕಡಿಮೆ, ಅವರೂ ಸಾಲಾಗಿ ಗೋಡೆ ಹಿಡಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಲ್ಲನ್ನು ಎಬ್ಬಿಸಿ ಒಳಗೋಡೆಗೆ ಮರ್ಯಾದೆಯಿಂದ ನಿಲ್ಲಿಸಬೇಕು ಎಂದು ಉಡದ ಪಟ್ಟು ಹಿಡಿದ. ಅದು ಅಲ್ಲೇ ಇರಲಿ ಎಂದ ಮುದುಕಿಯರನ್ನು ಮನೆಗೆ ಕರೆದು, ಗಿರ್ಮಿಟ್ ತಿನ್ನಿಸಿ ಒಲಿಸಿಕೊಂಡ. ಕೊನೆಗೆ ಊರು ಹೂಂ ಅಂದಿತು.

ಕಲ್ಲುಕುಟಿಗರು ಹಾರೆ ತಂದ ದಿನ ಮಗಳು ಸಂಜನಾ ಮ್ಯೂನಿಕ್‌ನಿಂದ ಬಂದಿದ್ದಳು. ಸಾಯುವಾಗಲೂ ಒಳಗೆ ಬನ್ನಿ ಅಂದವನು ಎಂದು ಅಪ್ಪ ಅವರಿಗೆ ಓಲುಫನ ದೊಡ್ಡತನ ವರ್ಣಿಸುತ್ತಿದ್ದುದನ್ನು ಕೇಳಿ ತಡೆದಳು. ಈ ಕಥೆ ಅವಳು ಇಲ್ಲಿಯ ಶಾಲೆಯಲ್ಲೇ ಕೇಳಿದ್ದಳು.

"ಪಪ್ಪಾ, ಐನ್‌ಟ್ರೇಟನ್ ಅಲ್ಲ. 'ಟ್ರೇಟೆಟ್ ಔಫ್ ಮಿಷ್.' ನನ್ನ ತುಳೀರಿ ಅಂದಾನ ಅಂವ."

ಆಂಕೆ ಉಳಿದದ್ದನ್ನು ಹೇಳಿದರು. ಓಲುಫ್ ಹರೆಯದಲ್ಲಿ ದಂಡು ತಂದು ಇದೇ ಊರಿಗೆ ಬೆಂಕಿ ಇಟ್ಟವನು. ಜನ ಹಳೆಯ ಚರ್ಚಿನೊಳಗೆ ಓಡಿದರು. ಅದನ್ನೂ ಸುಟ್ಟ. ಮುಪ್ಪಿನಲ್ಲಿ ಹೊಸದು ಕಟ್ಟಿಸಿ, ಅವರ ಮಕ್ಕಳು ಮರಿ ತುಳಿದು ಹೋಗುವ ಜಾಗದಲ್ಲೇ ತನ್ನನ್ನು ಹೂಳಿ ಎಂದು ಬೇಡಿಕೊಂಡ. "ನೀವು ಅವನ ಪರವಾಗಿ ಕ್ಷಮೆ ಕೇಳುತ್ತಿದ್ದೀರಿ ಅಂದುಕೊಂಡಿದ್ದೆವು," ಎಂದರು ಆಂಕೆ. "ಅದಕ್ಕೇ ಒಪ್ಪಿದೆವು."

ನಿಜಲಿಂಗಪ್ಪನ ಊರಿನ ಗುಡಿಯ ಹೊಸ್ತಿಲಲ್ಲೂ ಕೈ ಮುಂದೆ ಚಾಚಿ ಬೋರಲು ಮಲಗಿದ ಭಕ್ತನೊಬ್ಬನ ಕೆತ್ತನೆ ಇದೆ. ಕಾಲಿಡಲು ಹಿಂಜರಿದರೆ ಅಜ್ಜಿ, ಇಡು, ಅವನು ಬೇಡಿದ್ದೇ ಅದು, ಎನ್ನುತ್ತಿದ್ದಳು. ಇಷ್ಟು ದೂರ ಬಂದು ಅದನ್ನೇ ಮರೆತನಲ್ಲ ಎಂದು ನಾಚಿಕೆಯಾಯಿತು.

ಹಾರೆಗಳು ಆಗಲೇ ಕಲ್ಲಿನಡಿ ಸೇರಿದ್ದವು. ಇಷ್ಟು ವರ್ಷ ಹಟ ಮಾಡಿ ಒಪ್ಪಿಸಿದವನು ಈಗ ಊರೆದುರು ಬೇಡ ಎನ್ನಬೇಕು. ಜರ್ಮನ್ ಮಾತು ಬಾಯಿಗೆ ಬರಲಿಲ್ಲ. ಮಗಳ ಕಡೆ ತಿರುಗಿದ.

"ಸುಟ್ಟು ಸತ್ತವರು ಇವರ ಹಿರೇರವ್ವಾ. ಮಾಫಿ ಮಾಡ್ರಿ ಅಂತ ಹೇಳಾಕ ನಾ ಯಾರು? ಅಂವ ಬೇಡಿದ್ದು ಅಂವಗ ಸಿಗಲಿ. ಅಲ್ಲೇ ಇರಲಿ ಅಂತ ಹೇಳು."

ಸಂಜನಾ ಹೇಳಿದಳು. ಯಾರೂ ಬೈಯಲಿಲ್ಲ. ಕಲ್ಲುಕುಟಿಗರು ಹಾರೆ ಎಳೆದುಕೊಂಡರು. ಗೋಡೆ ಹಿಡಿದು ಹಿಡಿದು ಮಂಡಿ ಸವೆಯಿತು ಎಂದು ಗೊಣಗಿದ ಮುದುಕಿಯೊಬ್ಬಳು ಕಲ್ಲಿನ ನಡುಮಧ್ಯೆ ಕಾಲೂರಿ ಒಳಗೆ ನಡೆದಳು. ಉಳಿದವರು ಹಿಂಬಾಲಿಸಿದರು.

ಹೊರಗೆ ಉಳಿದವನು ನಿಜಲಿಂಗಪ್ಪ ಒಬ್ಬನೇ. ಬೂಟು ಬಿಚ್ಚಲು ಬಗ್ಗಿದ. ಅದು ತನ್ನ ಸಮಾಧಾನಕ್ಕೇ ಹೊರತು ಓಲುಫನಿಗಾಗಿ ಅಲ್ಲ ಎನಿಸಿ ಬಿಚ್ಚಲಿಲ್ಲ. ಕಣ್ಣು ತುಂಬಿಕೊಂಡೇ, ಸವೆದ ಆ ಮುಖದ ಮೇಲೆ ಬೂಟುಗಾಲಿಟ್ಟು ಒಳಗೆ ಹೋದ.